ಕಾಲು ಕಳೆದುಕೊಂಡ ನಾವಿಕನ ಹಾಡು

ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ 1996ರಲ್ಲಿ ಹುಟ್ಟಿದ ಡ್ರಾಪ್‌ಕಿಕ್ ಮರ್ಫೀಸ್ ತಂಡ ನನಗೆ ಹತ್ತಿರವಾದದ್ದು ಒಂದೇ ಹಾಡಿನಿಂದ. ಕಾಲು ಕಳೆದುಕೊಂಡ ನಾವಿಕನೊಬ್ಬನ ಬಗ್ಗೆ ಜನಪದ ಗಾಯಕ ವುಡಿ ಗತ್ರಿ ನಾಲ್ಕಾರು ಸಾಲು ಬರೆದಿಟ್ಟು ಹೋಗಿದ್ದರು. ಅದಕ್ಕೆ ರಾಗ ಕಟ್ಟಿದ್ದು ಈ ತಂಡ. ಬ್ಯಾಂಜೊ, ಅಕಾರ್ಡಿಯನ್‌ಗಳ ಐರಿಷ್ ಧಾಟಿಯ ಮೇಲೆ ಡ್ರಮ್ಮು, ಗಿಟಾರು ಧಡಧಡನೆ ಬಂದು ಬೀಳುತ್ತವೆ. ಸೆಲ್ಟಿಕ್ ಪಂಕ್ ಅಂದರೆ ಇದೇ. 2006ರಲ್ಲಿ ಮಾರ್ಟಿನ್ ಸ್ಕಾರ್ಸೆಸಿಯ ‘ದಿ ಡಿಪಾರ್ಟೆಡ್’ ಸಿನಿಮಾ ಈ ಹಾಡನ್ನು ಲೋಕಕ್ಕೆಲ್ಲ ಕೇಳಿಸಿತು.

ಸದಸ್ಯರು ಬಂದರು, ಹೋದರು. ಕೆನ್ ಕೇಸಿ ಮಾತ್ರ ಮೊದಲಿನಿಂದಲೂ ಇದ್ದಾರೆ. ಕಾರ್ಮಿಕ ಸಂಘಗಳ ಪರವಾದ ತಂಡದ ನಿಲುವೂ ಕದಲಿಲ್ಲ. ನನಗೆ ಅದೇ ದೊಡ್ಡದು. 2022ರಲ್ಲಿ ಎಲೆಕ್ಟ್ರಿಕ್ ಗಿಟಾರ್ ಬದಿಗಿಟ್ಟು, ಗತ್ರಿಯ ಸಾಹಿತ್ಯವನ್ನೇ ಹಿಡಿದು ಇಡೀ ಆಲ್ಬಮ್ ಮಾಡಿದರು. ಜೋರು ಸದ್ದು ಒಗ್ಗದವರು ಅಲ್ಲಿಂದಲೇ ಕೇಳಲು ಶುರುಮಾಡಿ.