ವೈದ್ಯರ ಬಾಗಿಲಲ್ಲಿ ಬಿಲ್ಲಿಂಗ್ ವ್ಯಾಪಾರ

ಅಮೆರಿಕದಲ್ಲಿ ರೋಗಿಯನ್ನು ಪರೀಕ್ಷಿಸಿ ಔಷಧವನ್ನು ಬರೆದುಕೊಟ್ಟ ಮಾತ್ರಕ್ಕೆ ವೈದ್ಯರ ಕೈಗೆ ಹಣ ಬಂದು ಸೇರದು. ರೋಗಕ್ಕೊಂದು, ಚಿಕಿತ್ಸೆಗೊಂದು ಸಂಕೇತವನ್ನು ನಮೂದಿಸಿ, ವಿಮಾ ಸಂಸ್ಥೆಗೆ ಕ್ಲೇಮನ್ನು ಕಳುಹಿಸಿ, ಅದು ತಿರಸ್ಕೃತವಾದರೆ ತಿದ್ದಿ ಮತ್ತೆ ಸಲ್ಲಿಸಿ, ಬಾಕಿಯ ಬೆನ್ನು ಹತ್ತಬೇಕಾದ ಈ ಜಂಜಾಟವನ್ನು ಹೊರಲೆಂದೇ ಅಲ್ಲಿ ಮೆಡಿಕಲ್ ಬಿಲ್ಲಿಂಗ್ ಎಂಬ ಉದ್ಯಮವೊಂದು ಬೆಳೆದಿದೆ. ಅದರ ಒಂದಷ್ಟು ಕೆಲಸ ರಾತ್ರಿಯ ಪಾಳಿಯಲ್ಲಿ ನಮ್ಮ ಬೆಂಗಳೂರಿನಲ್ಲೂ ನಡೆಯುತ್ತದೆ.

ಈ ಉದ್ಯಮವನ್ನು ಹೊಸದಾಗಿ ಆರಂಭಿಸಿದವರಿಗೆ ಕೆಲಸಕ್ಕಿಂತ ಗಿರಾಕಿಯೇ ದುರ್ಲಭ. ವೈದ್ಯರ ದರ್ಶನ ಸುಲಭಸಾಧ್ಯವಲ್ಲ. ಕ್ಲಿನಿಕ್ಕಿನ ಮ್ಯಾನೇಜರರೇ ಅಲ್ಲಿಯ ದ್ವಾರಪಾಲಕರು, ಅನೇಕ ವೇಳೆ ನಿರ್ಣಾಯಕರೂ ಅವರೇ. ಅವರೆದುರು ಆತ್ಮಪ್ರಶಂಸೆ ಮಾಡಿಕೊಳ್ಳುವುದು ವ್ಯರ್ಥಾಲಾಪ. ಬಾಕಿಗಳನ್ನು 30, 60, 90 ದಿನಗಳ ಹಳತೆಂದು ವಿಂಗಡಿಸಿ, ಯಾವ ಹಣ ಯಾವ ಕಾರಣದಿಂದ ನಿಂತಿದೆಯೆಂಬುದನ್ನು ನಿದರ್ಶಿಸಬಲ್ಲವರ ಮಾತಿಗಾದರೋ ಕಿವಿಗಳು ತಾವಾಗಿಯೇ ತೆರೆಯುತ್ತವೆ. ಏಕೆಂದರೆ ಅಲ್ಲಿಯ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಕ್ಲೇಮನ್ನು ಚಿಕಿತ್ಸೆಯ ದಿನದಿಂದ ಸಾಮಾನ್ಯವಾಗಿ 1 ವರ್ಷದೊಳಗೆ ಸಲ್ಲಿಸದಿದ್ದರೆ ಆ ಹಣದ ಆಸೆಯನ್ನೇ ತೊರೆಯಬೇಕು. ಆದರೆ ರೋಗಿಗಳ ಕಡತವನ್ನು ಮುಟ್ಟುವ ಮೊದಲೇ, 1996ರ ಹಿಪಾ ಕಾನೂನನ್ನು ಅನುಸರಿಸಿ, ಗೋಪ್ಯಪಾಲನೆಯ ಲಿಖಿತ ಒಪ್ಪಂದ ಆಗಿರತಕ್ಕದ್ದು.

ಎಲ್ಲ ಬಗೆಯ ವೈದ್ಯರನ್ನೂ ಓಲೈಸುವುದಕ್ಕಿಂತ, ಹೃದ್ರೋಗವೋ ಮನೋರೋಗವೋ ಯಾವುದಾದರೊಂದು ಶಾಖೆಯ ಸಂಕೇತಗಳಲ್ಲಿ ಪಾರಂಗತರಾಗುವುದೇ ಲೇಸೆಂದು ನನ್ನ ಮತ. ತೃಪ್ತರಾದ ಒಬ್ಬ ವೈದ್ಯರು ಸಹೋದ್ಯೋಗಿಗೆ ಆಡುವ ಒಳ್ಳೆಯ ಮಾತಿನ ಮುಂದೆ ಅಂಚೆಯಲ್ಲಿ ಬರುವ ಬಣ್ಣದ ಕರಪತ್ರಗಳಿಗೆ ಬೆಲೆಯಿಲ್ಲ. ಪ್ರತಿಫಲವಾಗಿ ವಸೂಲಾದ ಹಣದಲ್ಲಿ ಶೇಕಡಾವಾರು ಪಾಲನ್ನು ಪಡೆಯುವುದು ರೂಢಿಯಾದರೂ, ನ್ಯೂಯಾರ್ಕ್ ರಾಜ್ಯದಲ್ಲಿ ವೈದ್ಯರ ಶುಲ್ಕವನ್ನು ಹಾಗೆ ಹಂಚಿಕೊಳ್ಳುವುದು ನಿಷಿದ್ಧವಾದ ಕಾರಣ, ಅಲ್ಲಿ ಕ್ಲೇಮಿಗಿಷ್ಟು ಅಥವಾ ತಿಂಗಳಿಗಿಷ್ಟು ಎಂದು ದರವನ್ನು ನಿಗದಿಪಡಿಸಿಯೇ ಮಾತು ಆರಂಭಿಸಬೇಕು.