‘ಹಂಗು’ ಎಂಬ ಒಂದು ಮಾತು

ಕೆಲವು ವರ್ಷಗಳ ಹಿಂದೆ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧದಲ್ಲಿ, ‘ನಾನು ತಾಯಿಯ ಹಂಗಿನಲ್ಲಿ ಸುಖವಾಗಿ ಬೆಳೆದೆನು’ ಎಂದು ಬರೆದಿದ್ದನು. ನಾನು ಅದನ್ನು ಗಟ್ಟಿಯಾಗಿ ಓದಿದೆ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆ ಹುಡುಗ ವರ್ಷದ ಕೊನೆಯವರೆಗೂ ಮತ್ತೆ ಬಾಯಿ ತೆರೆಯಲಿಲ್ಲ. ಹಿಂದಿನ ವಾರ ಕರಿಹಲಗೆಯ ಮೇಲೆ ‘ಹಂಗು ಎಂದರೆ ಆಶ್ರಯ, ಋಣ’ ಎಂದು ಬರೆಸಿದವನು ನಾನೇ ಎಂಬುದು ನೆನಪಾದದ್ದು ಬಹಳ ತಡವಾಗಿ.

ಅರ್ಥ ತಪ್ಪಾಗಿರಲಿಲ್ಲ, ಆದರೆ ಆ ಮಾತಿನೊಳಗಿನ ಮುಜುಗರ, ತಲೆತಗ್ಗಿಸುವಿಕೆ ಅರ್ಥದಲ್ಲಿ ಬರಲಿಲ್ಲ. ಅದು ಬರುವುದು ಪ್ರಯೋಗದಲ್ಲಿ. ನಿಘಂಟುಕಾರರು ಇದನ್ನು ಬಲ್ಲರು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ಕೋಶದಲ್ಲಿ ಗಾದೆಗಳೂ ಪ್ರಯೋಗಗಳೂ ಹೇರಳವಾಗಿವೆ. 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಶಾಸನ, ಕಾವ್ಯಗಳಿಂದ ಉದಾಹರಣೆಗಳನ್ನು ಕೊಡುತ್ತದೆ. ಆದರೆ ಅವು ವಿದ್ವಾಂಸರಿಗೆ. ಹಳಗನ್ನಡದ ಸಾಲಿನಿಂದ ಮಗುವಿಗೆ ಅರ್ಥ ಹೇಳಹೊರಟರೆ, ಆ ಸಾಲಿಗೇ ಮೊದಲು ಅರ್ಥ ಹೇಳಬೇಕಾಗುತ್ತದೆ.

ಮೂರನೆಯ ತರಗತಿಯಲ್ಲಿರುವ ನನ್ನ ತಂಗಿಯ ಮಗಳು ಒಂದು ದಿನ, ‘ಮಾವ, ಹಂಗು ಅಂದರೇನು?’ ಎಂದು ಕೇಳಿದಳು. ಈ ಸಲ ನಾನು ಅರ್ಥ ಹೇಳಲಿಲ್ಲ. ವಾಕ್ಯಗಳನ್ನು ಬರೆದೆ.

ಅವಳಿಗಾಗಿ: ‘ರಾಮು ಒಂದು ಪೆನ್ಸಿಲ್ ಕೊಟ್ಟು, ದಿನವೂ ತನ್ನ ಚೀಲವನ್ನು ನನ್ನಿಂದಲೇ ಹೊರಿಸಿದ. ಅವನ ಹಂಗು ಬೇಡವೆಂದು ಪೆನ್ಸಿಲನ್ನು ಹಿಂದಕ್ಕೆ ಕೊಟ್ಟೆ.’ ಏಳನೆಯ ತರಗತಿಯ ಅವಳ ಅಣ್ಣನಿಗಾಗಿ: ‘ನೆಂಟರ ಮನೆಯಲ್ಲಿದ್ದು ಓದುತ್ತಿದ್ದ ಹುಡುಗನಿಗೆ ಹಂಗಿನ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.’ ನನ್ನ ಕಾಲೇಜಿನವರಿಗಾಗಿ: ‘ಅರಮನೆಯ ಹಂಗನ್ನು ಹರಿದುಕೊಂಡ ಕವಿಗೆ ಬಡತನವೇ ಬಿಡುಗಡೆಯಾಯಿತು.’

ಮಾತು ಒಂದೇ, ಏರುವ ಮೆಟ್ಟಿಲು ಬೇರೆ. ಮೊದಲನೆಯದು ಮಗು ಕಂಡ ಲೋಕ, ಎರಡನೆಯದು ಊಹಿಸಬಲ್ಲ ದುಃಖ, ಮೂರನೆಯದು ವಿಚಾರ. ಪ್ರತಿಯೊಂದು ಮೆಟ್ಟಿಲಲ್ಲಿಯೂ ಹೊಸ ಮಾತು ಒಂದೇ ಇರಬೇಕು. ಉಳಿದ ಮಾತುಗಳೆಲ್ಲ ಓದುವವನಿಗೆ ಪರಿಚಿತವಾಗಿರಬೇಕು. ವಾಕ್ಯದ ಪರೀಕ್ಷೆಯೂ ಸುಲಭ. ಹೊಸ ಮಾತನ್ನು ಬೆರಳಿನಿಂದ ಮುಚ್ಚಿ ಓದಿರಿ. ‘ಹಂಗು ಒಳ್ಳೆಯದಲ್ಲ’ ಎಂಬಲ್ಲಿ ಸುಳ್ಳು, ಜಗಳ, ಸೋಮಾರಿತನ ಯಾವುದನ್ನಾದರೂ ಕೂರಿಸಬಹುದು. ಅಂಥ ವಾಕ್ಯ ಏನನ್ನೂ ಕಲಿಸದು.

ಹುಡುಗಿ ತನ್ನ ವಾಕ್ಯವನ್ನು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಒಂದನ್ನು ಕಟ್ಟಿದಳು: ‘ಅಮ್ಮ ದಿನಾ ಊಟ ಹಾಕುತ್ತಾಳೆ. ಆದರೆ ಅಮ್ಮನ ಹಂಗು ಇಲ್ಲ.’

ನಾನು ಬೆರಗಾದೆ. ಆ ವಿದ್ಯಾರ್ಥಿಗೆ ನಾನು ಹೇಳಬೇಕಾಗಿದ್ದುದು ಇಷ್ಟೇ ಅಲ್ಲವೆ? ಎಂಟು ವರ್ಷದ ಮಗು ಹೇಳಿತು. ನಾನು ನಕ್ಕು ಮುಗಿಸಿದ್ದೆ. ಈಗ ತರಗತಿಯಲ್ಲಿ ಯಾರಾದರೂ ಮಾತೊಂದನ್ನು ತಪ್ಪಾಗಿ ಬಳಸಿದರೆ ನಾನು ನಗುವುದಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಇನ್ನೊಂದು ವಾಕ್ಯ ಬರೆಯುತ್ತೇನೆ.