ಪರಮಾಣುಗಳ ಹೆಣಿಗೆಯೂ ನಿಖರವಾದ ಅಳತೆಯೂ

ಲೋಲಕದ ತೂಗಾಟವನ್ನು ಹತ್ತಾರು ಸಾರಿ ಎಣಿಸಿ ಸರಾಸರಿ ತೆಗೆದುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಆಗ ಬೇಸರಪಟ್ಟುದನ್ನೂ ನಾವು ಬಲ್ಲೆವು. ಪರಮಾಣು ಗಡಿಯಾರದ ಕ್ರಮವೂ ಇದೇ. ಒಂದೊಂದು ಪರಮಾಣುವಿನ ಉತ್ತರವೂ ಆಕಸ್ಮಿಕವಾಗಿ ಆಚೀಚೆ ಸರಿಯುವುದರಿಂದ, ನೂರು ಬಿಡಿ ಪರಮಾಣುಗಳನ್ನು ಕೇಳಿದರೂ ತಪ್ಪು ಹತ್ತರಲ್ಲೊಂದು ಪಾಲಿಗೆ ಮಾತ್ರ ಇಳಿಯುವುದು. ಅವುಗಳನ್ನು ಕ್ವಾಂಟಂ ಹೆಣಿಗೆಯಿಂದ ಕೂಡಿಸಿದರೆ ಒಂದರ ಓಲಾಟವನ್ನು ಮಿಕ್ಕವು ಸರಿತೂಗಿಸುವುವು. ತತ್ತ್ವತಃ ತಪ್ಪು ನೂರರಲ್ಲೊಂದು ಪಾಲಿಗೂ ಇಳಿಯಬಹುದು. ಆದರೆ ಅಷ್ಟು ಬಿಗಿಯಾದ ಹೆಣಿಗೆಯಲ್ಲಿ ಒಂದೇ ಪರಮಾಣು ಕಳೆದುಹೋದರೂ ಪಟ್ಟ ಶ್ರಮವೆಲ್ಲ ವ್ಯರ್ಥ. 2020ರಲ್ಲಿ ಅಮೇರಿಕದ ಎಂ.ಐ.ಟಿ. ಸಂಸ್ಥೆಯ ವಿಜ್ಞಾನಿಗಳು ಸುಮಾರು 350 ಇಟರ್ಬಿಯಂ ಪರಮಾಣುಗಳನ್ನು ಇದಕ್ಕಿಂತ ಸಡಿಲವಾಗಿ ಹೆಣೆದರು. ಬಿಡಿ ಪರಮಾಣುಗಳಿಂದ ದೊರೆಯಬಹುದಾದ ಅತ್ಯುತ್ತಮ ನಿಖರತೆಯು ಅವರಿಗೆ ಸುಮಾರು 2.8 ಪಟ್ಟು ಕಡಮೆ ಕಾಲದಲ್ಲಿಯೇ ಲಭಿಸಿತು. ಸರಾಸರಿ ತೆಗೆಯುವ ಕೆಲಸವು ಮಾತ್ರ ಅವರಿಗೂ ತಪ್ಪಲಿಲ್ಲ.